ಸೆರೆಂಗೆಟಿಯ ಹಿಂಡು ಬೆಳೆದ ಬಗೆ

ಫೆಬ್ರವರಿಯ ಒಂದು ಮುಂಜಾನೆ ನಾವು ನಾಬಿ ಗುಡ್ಡದ ಬಳಿಯ ಬಾಗಿಲಿನಿಂದ ಟಾಂಜಾನಿಯ ದೇಶದ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನವನ್ನು ಹೊಕ್ಕೆವು. ಗುಡ್ಡದ ಮೇಲೆ ನಿಂತು ನೋಡಿದರೆ ಕಣ್ಣು ಹರಿಯುವಷ್ಟು ದೂರವೂ ವಿಲ್ಡೆಬೀಸ್ಟ್ ಎಂಬ ಮೃಗಗಳೇ! ಕೊಂಬು ಎಮ್ಮೆಯದು, ಬಾಲ ಕುದುರೆಯದು, ಗಡ್ಡ ಹೋತನದು. ರೂಪವಂತ ಪ್ರಾಣಿಯೆಂದು ಹೇಳಲಾರೆವು. ವಾಸ್ತವವಾಗಿ ಇದು ನಮ್ಮ ಕೃಷ್ಣಮೃಗಕ್ಕೂ ಮನೆಯ ದನಕ್ಕೂ ದಾಯಾದಿ. ಈ ದಾಯಾದಿತನವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಹುಟ್ಟಿದುದು ಅದರಿಂದಲೇ.

ಜ್ವಾಲಾಮುಖಿಯ ಬೂದಿಯಿಂದಾದ ಇಲ್ಲಿಯ ಮಣ್ಣಿನಲ್ಲಿ ಬೆಳೆಯುವ ಗಿಡ್ಡ ಹುಲ್ಲು ಸುಣ್ಣ, ರಂಜಕಗಳಿಂದ ಪುಷ್ಟವಾದುದು. ಈಯುವ ಕಾಲಕ್ಕೆ ಹಿಂಡು ಇಲ್ಲಿಗೇ ಬರುತ್ತದೆ. ನಮ್ಮ ಕಣ್ಣೆದುರಿಗೇ ಒಂದು ಕರು ನೆಲಕ್ಕೆ ಬಿದ್ದಿತು. ಏಳು ನಿಮಿಷ ಕಳೆಯುವುದರೊಳಗಾಗಿ ಅದು ತಡವರಿಸುತ್ತ ಎದ್ದು ತಾಯಿಯ ಹಿಂದೆ ನಡೆದಿತ್ತು. ಬಹುಪಾಲು ಕರುಗಳು ಎರಡು ಮೂರು ವಾರಗಳಲ್ಲಿಯೇ ಹುಟ್ಟುವುದರಿಂದ, ಸಿಂಹ, ಕತ್ತೆಕಿರುಬಗಳು ಎಷ್ಟು ತಿಂದರೂ ಹಿಂಡು ಕರಗದು.

ಆದರೆ ಒಮ್ಮೆ ಕರಗಿತ್ತು, ಸಿಂಹದ ದೆಸೆಯಿಂದಲ್ಲ. 1890ರ ಸುಮಾರಿಗೆ ಪೂರ್ವ ಆಫ್ರಿಕಕ್ಕೆ ದನಗಳೊಡನೆ ಬಂದ ರಿಂಡರ್‌ಪೆಸ್ಟ್, ಎಂದರೆ ನಮ್ಮ ರೈತರು ದೊಡ್ಡರೋಗವೆಂದು ಹೆದರುತ್ತಿದ್ದ ಪಿಡುಗು, ಮಾಸಾಯಿ ಜನರ ಗೋಸಂಪತ್ತನ್ನು ಅಳಿಸಿ ಅವರನ್ನು ಕ್ಷಾಮಕ್ಕೆ ದೂಡಿತು. ಕಾಡೆಮ್ಮೆ, ವಿಲ್ಡೆಬೀಸ್ಟ್‌ಗಳನ್ನೂ ಬಿಡಲಿಲ್ಲ. ಆಮೇಲೆಯೂ ದಶಕಗಳ ಕಾಲ ಎಳೆಯ ಮೃಗಗಳನ್ನು ಕೊಲ್ಲುತ್ತಲೇ ಇತ್ತು. ಕಾಡುಮೃಗಗಳೇ ಈ ರೋಗದ ಬೀಡು, ಅವುಗಳಿಂದ ದನಗಳಿಗೆ ಅಪಾಯ ಎಂದು ನಂಬಿದವರು ಅನೇಕರಿದ್ದರು. ಆ ನಂಬಿಕೆ ತಲೆಕೆಳಗಾಯಿತು. ಸುತ್ತಲಿನ ದನಗಳಿಗೆ ಲಸಿಕೆ ಹಾಕುತ್ತ ಬಂದಂತೆ, 1960ರ ದಶಕದ ಮೊದಲಲ್ಲಿ, ಒಂದು ವಿಲ್ಡೆಬೀಸ್ಟ್‌ಗೂ ಸೂಜಿ ಚುಚ್ಚದೆಯೇ ಅವುಗಳಲ್ಲಿಯೂ ರೋಗ ಮಾಯವಾಯಿತು. ರೋಗವನ್ನು ಬದುಕಿಸಿಕೊಂಡು ಬಂದುದು ದನಗಳೇ ಎಂಬುದು ಆಗ ಸ್ಪಷ್ಟವಾಯಿತು. 2011ರಲ್ಲಿ ಈ ರೋಗ ಭೂಮಿಯಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಸಿಡುಬಿನ ಅನಂತರ ಆ ಗತಿ ಕಂಡ ರೋಗ ಇದೊಂದೇ.

1961ರಲ್ಲಿ ಸುಮಾರು 2,60,000ದಷ್ಟಿದ್ದ ವಿಲ್ಡೆಬೀಸ್ಟ್‌ಗಳು 1970ರ ದಶಕ ಮುಗಿಯುವ ವೇಳೆಗೆ 13 ಲಕ್ಷದ ಸುಮಾರಿಗೆ ಏರಿದವು. ಇಷ್ಟು ಬಾಯಿಗಳು ಮೇಯ್ದ ಮೇಲೆ ಒಣಹುಲ್ಲು ಉಳಿಯುವುದೆಲ್ಲಿ? ಕಾಳ್ಗಿಚ್ಚಿಗೆ ಆಹಾರ ಕಡಮೆಯಾಯಿತು. ಉದ್ಯಾನದ ಉತ್ತರ ಭಾಗದಲ್ಲಿ ವರ್ಷವರ್ಷವೂ ಸುಟ್ಟುಹೋಗುತ್ತಿದ್ದ ಜಾಲಿಯ ಸಸಿಗಳು ಬದುಕಿ ಮರಗಳಾದವು. ದನದ ಕೊಟ್ಟಿಗೆಯಲ್ಲಿ ಚುಚ್ಚಿದ ಸೂಜಿ ಕಾಡನ್ನು ಬೆಳೆಸಿತೆಂದರೆ ನಂಬುವುದು ಕಷ್ಟ. ಆದರೂ ನಡೆದುದು ಹಾಗೆಯೇ.

ಸಂಜೆ ಮರಳುವಾಗ ಬೆಳಗಿನ ಕರುವನ್ನು ಹುಡುಕಿದೆವು. ಸಾವಿರಾರು ಕರುಗಳ ನಡುವೆ ಅದಾವುದೆಂದು ನಮಗೆ ತಿಳಿಯಲಿಲ್ಲ. ತಾಯಿಯಾದರೋ ತನ್ನದನ್ನು ವಾಸನೆಯಿಂದಲೇ ಗುರುತಿಸುತ್ತದೆ.