ಎಲ್ಲಿ ಬಾಳಬೇಕೆಂದು ಅವರನ್ನೂ ಕೇಳೋಣ

ಧರ್ಮಸ್ಥಳಕ್ಕೆ ಸಮೀಪದ ಕೊಕ್ಕಡ, ನಿಡ್ಲೆ, ಪಟ್ರಮೆ ಗ್ರಾಮಗಳನ್ನು ಎಂಡೋಸಲ್ಫಾನ್ ಬಾಧಿತ ಊರುಗಳೆಂದೇ ನಾಡು ಬಲ್ಲದು. ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಆ ಕೀಟನಾಶಕವನ್ನು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ದೇಶಾದ್ಯಂತ ತಡೆಯಿತು. ಅಂದಿನ ಬಾಧಿತ ಮಕ್ಕಳು ಇಂದು ವಯಸ್ಕರು. ಅವರಲ್ಲಿ ಬುದ್ಧಿಮಾಂದ್ಯರೂ ಉಂಟು. ಕೊಕ್ಕಡದಲ್ಲಿ ಹಗಲಿನ ಪಾಲನಾ ಕೇಂದ್ರವೇನೋ ತೆರೆಯಿತು. ಆದರೆ "ನಮ್ಮ ಕಾಲಾನಂತರ ಯಾರು?" ಎಂಬ ತಂದೆತಾಯಿಗಳ ಅಳಲಿನಿಂದ ಶಾಶ್ವತ ಪುನರ್ವಸತಿ ಕೇಂದ್ರದ ಬೇಡಿಕೆ ಹುಟ್ಟಿತು. ಅದು ನ್ಯಾಯವಾದುದೇ. ರಾತ್ರಿಯೆಲ್ಲ ಎಚ್ಚರವಿದ್ದು ಮಗನನ್ನು ಕಾಯುವ ತಾಯಿಗೆ ಹಕ್ಕಿನ ಉಪನ್ಯಾಸ ಮಾಡುವ ಧೈರ್ಯ ನಮಗಿಲ್ಲ. ಆದರೂ ಅಲ್ಲಿ ಬಾಳಬೇಕಾದವನನ್ನು ನಾವು ಕೇಳಿದ್ದುಂಟೇ?

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 5ನೆಯ ಕಲಮು ಅವರಿಗೆ ಸಮಾಜದ ನಡುವೆ ಬಾಳುವ ಹಕ್ಕನ್ನು ಕೊಟ್ಟಿದೆ. ಇಂಥಲ್ಲಿಯೇ ಇರಬೇಕೆಂಬ ಕಟ್ಟುಪಾಡು ಅವರ ಮೇಲೆ ಬೀಳದಂತೆ ಸರಕಾರವು ಯತ್ನಿಸಬೇಕು. ಮನೆಗೇ ನೆರವು ಒದಗಿಸುವುದೂ ಅದರಲ್ಲಿ ಸೇರಿದೆ. ಮಾತು ಬಾರದವನೂ ತನ್ನ ಒಲವನ್ನು ತೋರುತ್ತಾನೆ. ಯಾವ ಅಂಗಳದಲ್ಲಿ ನಗುತ್ತಾನೆ, ಯಾವ ಹೊಸ್ತಿಲ ಮುಂದೆ ಕಾಲೂರಿ ನಿಂತುಬಿಡುತ್ತಾನೆ ಎಂಬುದೂ ಉತ್ತರವೇ.

ಬೆಂಗಳೂರಿನಲ್ಲಿ 1970ರಲ್ಲಿ ಆರಂಭವಾದ ಆಶಾ ನಿಕೇತನದಲ್ಲಿ ಇಂಥವರು ಸಹಾಯಕರೊಡನೆ ಒಂದೇ ಕುಟುಂಬದಂತೆ ಬಾಳುವ ಕ್ರಮವಿದೆ. ಅಂಥ ಸಣ್ಣ ಮನೆಗಳು ನಮ್ಮ ತಾಲೂಕುಗಳಲ್ಲಿಯೂ ಬೇಕು. ಇರುವುದು ಒಂದೇ ದಾರಿಯಾದರೆ ಆಯ್ಕೆಯೆಂಬುದು ಬರಿಯ ಮಾತು. ಅಲ್ಲಿಯವರೆಗೆ, ಯಾವುದೇ ಕೇಂದ್ರಕ್ಕೆ ಸೇರಿಸುವ ಮುನ್ನ ನಾಲ್ಕು ದಿನ ಅಲ್ಲಿದ್ದು ಬರಲು ಅವರಿಗೆ ಅವಕಾಶವಿರಲಿ. ಒಲ್ಲೆನೆಂದು ಮರಳಿದರೆ ಮಲಗಲು ಮನೆಯಲ್ಲಿ ಅವರ ಚಾಪೆಯೂ ಇರಲಿ.