ನಾಲ್ಕು ಕುದುರೆ, ಒಂದು ಬೋರ್‌ವೆಲ್, ಒಂದು ಬೇಸಿಗೆ

ಕುಣಿಗಲ್ ಸೀಮೆಗೆ ಕುದುರೆ ಹೊಸದಲ್ಲ. 18ನೇ ಶತಮಾನದಲ್ಲಿ ಮೈಸೂರಿನ ಸುಲ್ತಾನರು ದಂಡಿಗೆ ಬೇಕಾದ ಕುದುರೆಗಳನ್ನು ಸಾಕಿಸುತ್ತಿದ್ದ ನೆಲ ಇದು. ಮುಂದೆ ರೇಸಿನ ತಳಿಗಳೂ ಇಲ್ಲೇ ಬೆಳೆದವು. ಆದರೆ ನಾನು ಹೋದದ್ದು ಅವನ್ನು ಬೆಳೆಸಿದ ದೊಡ್ಡ ಫಾರಂಗಲ್ಲ. ಅಲ್ಲಿಂದ ಸ್ವಲ್ಪ ದೂರದ ಹಳ್ಳಿಯೊಂದರ ಹೊರಗೆ, ರಾಗಿ ಹೊಲಗಳ ನಡುವೆ, ಒಂದು ಮನೆಯವರೇ ನೋಡಿಕೊಂಡು ಹೋಗುವ ಮೂರು ಎಕರೆ ಜಾಗಕ್ಕೆ. ಅಲ್ಲಿರುವುದು ನಾಲ್ಕೇ ಕುದುರೆ: ರೇಸಿನಿಂದ ಬಿಡುಗಡೆಯಾದ ಎರಡು ಥರೋಬ್ರೆಡ್‌ಗಳು, ಒಂದು ಮಾರ್ವಾಡಿ ಹೆಣ್ಣುಕುದುರೆ, ಒಂದು ಗಿಡ್ಡ ತಟ್ಟು. ಏಪ್ರಿಲ್ ತಿಂಗಳ ಕೊನೆ. ಭರಣಿ ಮಳೆ ಇನ್ನೂ ಬಿದ್ದಿರಲಿಲ್ಲ. ಬಿರುಬಿಸಿಲಿನಲ್ಲಿ ಒಂದು ಸಣ್ಣ ಲಾಯದ ದಿನ ಹೇಗೆ ಸಾಗುತ್ತದೆ ಎಂದು ನೋಡುವುದಷ್ಟೇ ನನ್ನ ಉದ್ದೇಶವಾಗಿತ್ತು.

ಗೇಟಿನ ಮುಂದೆ ನಿಂತಾಗ ಇನ್ನೂ ಮಬ್ಬುಗತ್ತಲು. ಮೊದಲು ಕಣ್ಣಿಗೆ ಬಿದ್ದದ್ದು ಬೇಲಿ. ಸುತ್ತಲಿನ ಹೊಲಗಳಿಗೆಲ್ಲ ಮುಳ್ಳುತಂತಿ ಇದೆ, ಇಲ್ಲಿ ಮಾತ್ರ ಮರದ ಗೂಟಗಳಿಗೆ ಎರಡು ಸಾಲು ಕಬ್ಬಿಣದ ಪೈಪು ಹಾಯಿಸಿದ್ದಾರೆ. ಬೆದರಿದ ಕುದುರೆ ಎದುರಿಗೆ ಏನಿದೆ ಎಂದು ನೋಡದೆ ಓಡುತ್ತದೆ. ಅದರ ಚರ್ಮ ತೆಳು, ತಂತಿಗೆ ಸಿಕ್ಕಿದರೆ ಕಾಲೇ ಸೀಳಿಹೋಗುತ್ತದೆ. ಇನ್ನೂ ಒಂದು ವಿಷಯ ಗಮನಿಸಿದೆ. ನಮ್ಮ ಹೆದ್ದಾರಿಗಳ ನಡುವೆ, ಗುಡಿಗಳ ಅಂಗಳದಲ್ಲಿ ಎಲ್ಲೆಂದರಲ್ಲಿ ಕಾಣುವ ಕಣಗಿಲೆ ಇಲ್ಲಿ ಒಂದು ಗಿಡವೂ ಇಲ್ಲ. ಇದ್ದ ಸಾಲನ್ನು ಬೇರುಸಹಿತ ಕಿತ್ತು ಸುಡದೆ ಹೂತರಂತೆ. ಒಂದೆರಡು ಹಿಡಿ ಕಣಗಿಲೆ ಎಲೆ ಹೊಟ್ಟೆಗೆ ಹೋದರೆ ಕುದುರೆಯ ಹೃದಯ ನಿಂತುಹೋಗಬಹುದು. ಒಣಗಿದ ಎಲೆಯಲ್ಲೂ ವಿಷ ಉಳಿದಿರುತ್ತದೆ.

ಒಳಗೆ ಹೋದರೆ ಲಾಯ ಖಾಲಿ. ಕುದುರೆಗಳು ಆಚೆ ಬಯಲಿನಲ್ಲಿದ್ದವು. ಬೇಸಿಗೆ ಬಂತೆಂದರೆ ಇಲ್ಲಿ ಹಗಲು ರಾತ್ರಿ ಅದಲುಬದಲಾಗುತ್ತದೆ. ಚಳಿಗಾಲದಲ್ಲಿ ಹಗಲು ಮೇಯಲು ಬಿಟ್ಟು ರಾತ್ರಿ ಒಳಗೆ ಕಟ್ಟುವವರು, ಮಾರ್ಚ್ ಕಾಲಿಟ್ಟ ಮೇಲೆ ರಾತ್ರಿಯಿಡೀ ಹೊರಗೆ ಬಿಡುತ್ತಾರೆ, ಬಿಸಿಲೇರುವ ಮುಂಚೆ ಒಳಗೆ ತರುತ್ತಾರೆ. ಸವಾರಿ, ಕಸರತ್ತು ಏನಿದ್ದರೂ ಏಳೂವರೆಯೊಳಗೆ ಮುಗಿಯಬೇಕು.

ಆ ಹೊತ್ತಿಗೆ ಥರೋಬ್ರೆಡ್‌ಗಳಲ್ಲಿ ಒಂದನ್ನು, ಕಂದು ಬಣ್ಣದ್ದನ್ನು, ಉದ್ದ ಹಗ್ಗ ಕಟ್ಟಿ ಮರಳು ಹಾಸಿದ ಕಣದಲ್ಲಿ ಸುತ್ತಿಸುತ್ತಿದ್ದರು. ಮೊದಲು ನಡಿಗೆ, ಆಮೇಲೆ ಕುಕ್ಕುಲೋಟ, ಮತ್ತೆ ನಡಿಗೆ. ಇಪ್ಪತ್ತು ನಿಮಿಷದೊಳಗೆ ಅದರ ಕತ್ತಿನ ಬುಡದಲ್ಲಿ, ತೊಡೆಗಳ ನಡುವೆ ಬಿಳಿ ನೊರೆ ಕಟ್ಟಿತು. ಕುದುರೆಗೆ ಸುಸ್ತಾಗಿದೆ ಎಂದುಕೊಂಡು ಹತ್ತಿರ ಹೋದೆ. ಅದು ಸುಸ್ತಿನ ಗುರುತಲ್ಲ ಎಂದು ಅಲ್ಲಿನ ಹಿರಿಯರು ಹೇಳಿದರು. ಕುದುರೆಯ ಬೆವರಿನಲ್ಲಿ ಲ್ಯಾಥರಿನ್ ಎಂಬ ಪ್ರೋಟೀನು ಇರುತ್ತದೆ. ಅದು ಸಾಬೂನಿನ ಹಾಗೆ ಕೆಲಸ ಮಾಡಿ, ಬೆವರು ದಟ್ಟ ಕೂದಲನ್ನು ದಾಟಿ ಹರಡುವಂತೆ, ಬೇಗ ಆರುವಂತೆ ಮಾಡುತ್ತದೆ. ತಿಕ್ಕಾಟವಾಗುವ ಕಡೆ ನೊರೆ ಏಳುತ್ತದೆ. ಸೆಕೆಯಲ್ಲಿ ಹೆದರಬೇಕಾದದ್ದು ಬೆವರುವ ಕುದುರೆಗಲ್ಲ, ಬೆವರು ನಿಂತುಹೋದ ಕುದುರೆಗೆ. ಕೆಲವು ಕುದುರೆಗಳು ಸತತ ಸೆಕೆಗೆ ಸಿಕ್ಕಿ ಬೆವರುವುದನ್ನೇ ನಿಲ್ಲಿಸಿಬಿಡುತ್ತವೆ. ಅಂಥವು ಒಣ ಮೈಯಲ್ಲಿ ಏದುಸಿರು ಬಿಡುತ್ತಾ ನಿಂತುಬಿಡುತ್ತವೆ, ಮೈಯ ಬಿಸಿ ಏರುತ್ತಾ ಹೋಗುತ್ತದೆ.

ಕಣದಿಂದ ಬಿಟ್ಟ ಮೇಲೆ ಕುದುರೆಯನ್ನು ನೇರ ನೀರಿನ ಕಟ್ಟೆಗೆ ಕರೆತಂದರು. ಪೈಪಿನಿಂದ ಮೊದಲು ಕಾಲಿಗೆ, ಆಮೇಲೆ ಎದೆಗೆ, ಕತ್ತಿಗೆ, ಪಕ್ಕೆಗೆ ನೀರು ಬಿಟ್ಟರು. ಬಿಸಿಯೇರಿದ ಕುದುರೆಗೆ ತಣ್ಣೀರು ಹೊಯ್ಯಬಾರದು, ಕುಡಿಸಲೂಬಾರದು ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಕಡು ಸೆಕೆಯನ್ನು ಎದುರಿಸಲು ನಡೆದ ಅಧ್ಯಯನಗಳ ನಂತರ ಆ ನಂಬಿಕೆ ಸಡಿಲವಾಯಿತು. ತಣ್ಣೀರನ್ನು ಧಾರಾಳವಾಗಿ, ಬಿಡದೆ ಹೊಯ್ಯುವುದೇ ಮೈಯ ಬಿಸಿ ಇಳಿಸುವ ಬೇಗದ ದಾರಿ ಎಂದು ಈಗ ಪಶುವೈದ್ಯರು ಹೇಳುತ್ತಾರೆ. ಇಲ್ಲಿ ನೀರು ಹೊಯ್ಯುತ್ತಿದ್ದ ಹುಡುಗ ಮಾತ್ರ ಬೆನ್ನಿನ ಮೇಲೆ ನೀರು ಬೀಳದಂತೆ ಎಚ್ಚರ ವಹಿಸುತ್ತಿದ್ದ. ಹಳೆಯ ಅಭ್ಯಾಸವೋ, ಬೇರೆ ಕಾರಣವಿದೆಯೋ ನನಗೆ ತಿಳಿಯಲಿಲ್ಲ.

ನೀರು ಹಾಕುತ್ತಲೇ ತಪಾಸಣೆಯೂ ನಡೆಯಿತು. ಪಕ್ಕೆಯ ಏರಿಳಿತ ನೋಡಿ ಉಸಿರು ಎಣಿಸಿದರು. ಸುಮ್ಮನೆ ನಿಂತ ಕುದುರೆ ನಿಮಿಷಕ್ಕೆ 8ರಿಂದ 16 ಸಲ ಉಸಿರಾಡಬೇಕು. ಕತ್ತಿನ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಬಿಟ್ಟರು, ತಕ್ಷಣ ಸಮವಾಯಿತು. ಮಡಿಕೆ ಹಾಗೇ ನಿಂತರೆ ಮೈಯಲ್ಲಿ ನೀರು ಸಾಲದೆಂದು ಅರ್ಥ. ಮೇಲ್ತುಟಿ ಎತ್ತಿ ಒಸಡನ್ನು ಹೆಬ್ಬೆರಳಿನಿಂದ ಒತ್ತಿದರು. ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪು ಬಂತು. ಯಂತ್ರ ಬೇಡ, ಔಷಧ ಬೇಡ. ದಿನವೂ ನೋಡುವ ಕಣ್ಣು ಬೇಕು.

ಕುದುರೆ ನೀರು ಕುಡಿಯುವುದನ್ನು ಹತ್ತಿರ ನಿಂತು ನೋಡಿದ್ದು ಇಲ್ಲಿಯೇ. ತುಟಿಗಳನ್ನು ನೀರಿನ ಮಟ್ಟಕ್ಕೆ ತಾಗಿಸಿ, ಬಾಯಿ ಹೆಚ್ಚು ತೆರೆಯದೆ, ಸದ್ದಿಲ್ಲದೆ ಹೀರುತ್ತದೆ. ಒಂದೊಂದು ಗುಟುಕೂ ಗಂಟಲ ಉದ್ದಕ್ಕೂ ಸರಿದು ಹೋಗುವುದು ಹೊರಗಿನಿಂದ ಕಾಣುತ್ತದೆ. ಪ್ರತಿ ಗುಟುಕಿಗೂ ಕಿವಿಗಳು ಒಮ್ಮೆ ಮಿಸುಕುತ್ತವೆ. ಪಕ್ಕದಲ್ಲಿದ್ದ ಮಾರ್ವಾಡಿ ಕುದುರೆಯ ಕಿವಿಗಳು ತುದಿಯಲ್ಲಿ ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವಂತಿರುತ್ತವೆ, ಹಾಗಾಗಿ ಅದರ ಗುಟುಕು ಎಣಿಸುವುದು ಸುಲಭ. ಎಣಿಸುವುದು ಸುಮ್ಮನೆಯಲ್ಲ. ಯಾವ ಕುದುರೆ ಎಷ್ಟು ಕುಡಿಯಿತು ಎಂಬುದರ ಮೇಲೆ ಇಡೀ ದಿನದ ನಿಗಾ ನಿಂತಿದೆ.

ನೀರಿನ ಲೆಕ್ಕ ಕೇಳಿದರೆ ಬೇಸಿಗೆ ಏನೆಂದು ಗೊತ್ತಾಗುತ್ತದೆ. ದೊಡ್ಡ ಕುದುರೆಗೆ ಸಾಧಾರಣ ದಿನಗಳಲ್ಲಿ 25ರಿಂದ 45 ಲೀಟರ್ ಬೇಕು. ಸೆಕೆಯಲ್ಲಿ, ಅದರಲ್ಲೂ ಕಸರತ್ತು ಇದ್ದರೆ, ಅದು ಎರಡು ಪಟ್ಟಾಗಬಹುದು. ಮೈ ತೊಳೆಯುವ ನೀರು, ತೊಟ್ಟಿ ತೊಳೆಯುವ ನೀರು ಬೇರೆ. ಇಲ್ಲಿರುವುದು ಒಂದೇ ಬೋರ್‌ವೆಲ್. ತ್ರೀ ಫೇಸ್ ಕರೆಂಟು ರಾತ್ರಿ ಹೊತ್ತು ಬರುತ್ತದೆ, ಆಗ ಎದ್ದು ಟ್ಯಾಂಕು ತುಂಬಿಸಿಕೊಳ್ಳಬೇಕು. ಟ್ಯಾಂಕನ್ನು ಹೊಂಗೆ ಮರದ ಕೆಳಗೆ ಇಟ್ಟಿದ್ದಾರೆ. ಬಿಸಿಲಿಗೆ ಕಾದ ನೀರನ್ನು ಕುದುರೆ ಮೂಸಿ ನೋಡಿ ಬಿಟ್ಟುಬಿಡುತ್ತದೆ. ಕುಡಿಯದಿದ್ದರೆ ಕರುಳಿನಲ್ಲಿ ಮೇವು ಒಣಗಿ ಗಟ್ಟಿಯಾಗುತ್ತದೆ, ಹೊಟ್ಟೆಶೂಲೆ ಶುರುವಾಗುತ್ತದೆ. ಪಾಚಿ ಕಟ್ಟದಂತೆ ತೊಟ್ಟಿಗಳನ್ನು ದಿನಾ ಉಜ್ಜುತ್ತಾರೆ.

ಎಂಟು ಗಂಟೆಗೆ ಮೇವಿನ ಕೊಠಡಿ ಕಡೆ ನಡೆದೆವು. ಒಳಗೆ ಒಣಹುಲ್ಲಿನ ಕಟ್ಟುಗಳು ನೆಲಕ್ಕೆ ತಾಗದಂತೆ ಹಲಗೆಯ ಮೇಲಿವೆ. ಒಂದು ಕಟ್ಟನ್ನು ಬಿಚ್ಚಿ ನನ್ನ ಮುಂದೆಯೇ ಕೊಡವಿದರು. ಸಿಹಿಯಾದ ವಾಸನೆ ಬಂತು, ದೂಳು ಹಾರಲಿಲ್ಲ. ಬೂಷ್ಟು ಹಿಡಿದದ್ದಾದರೆ ಬೂದುಬಣ್ಣದ ಪುಡಿ ಏಳುತ್ತದೆ. ದನ ಅದನ್ನು ತಿಂದು ತಡೆದುಕೊಂಡರೂ ಕುದುರೆಯ ಶ್ವಾಸಕೋಶ ತಡೆಯುವುದಿಲ್ಲ. ಪಕ್ಕದ ಡ್ರಮ್ಮುಗಳಲ್ಲಿ ಗೋಧಿ ಬೂಸಾ, ಓಟ್ಸ್, ನೆನೆಸಿ ಬೇಯಿಸಿದ ಹುರುಳಿ. ನಮ್ಮ ಬಯಲುಸೀಮೆಯ ಕುದುರೆಗಳು ತಲೆಮಾರುಗಳಿಂದ ತಿಂದು ಬಂದ ಕಾಳು ಇದು. ಬೇಸಿಗೆಯಲ್ಲಿ ಹುರುಳಿ ಕಡಿಮೆ ಮಾಡಿ ಹುಲ್ಲು, ಲೂಸರ್ನ್ ಸೊಪ್ಪು ಹೆಚ್ಚು ಕೊಡುತ್ತಾರೆ. ಬೆವರಿನಲ್ಲಿ ಹೋದ ಉಪ್ಪು ತುಂಬಿಕೊಳ್ಳಲು ಲಾಯದ ಗೋಡೆಗೆ ಉಪ್ಪಿನ ಗಟ್ಟಿ ನೇತುಹಾಕಿದ್ದಾರೆ. ಬೇಕಾದಾಗ ನೆಕ್ಕಿಕೊಳ್ಳುತ್ತವೆ.

450 ಕಿಲೋ ತೂಗುವ ಕುದುರೆಗೆ ದಿನಕ್ಕೆ ಸುಮಾರು 9 ಕಿಲೋ ಒಣಮೇವು ಬೇಕು. ಒಂದೇ ಸಲ ಸುರಿದು ಹೋಗುವಂತಿಲ್ಲ. ದೇಹ ಎಷ್ಟು ದೊಡ್ಡದಿದ್ದರೂ ಕುದುರೆಯ ಜಠರ ಚಿಕ್ಕದು, ಹಿಡಿಯುವುದು 8ರಿಂದ 15 ಲೀಟರ್ ಅಷ್ಟೇ. ತಿಂದದ್ದು ಹೆಚ್ಚಾದರೆ ವಾಂತಿ ಮಾಡಿಕೊಳ್ಳಲೂ ಅದಕ್ಕೆ ಆಗದು. ಆದ್ದರಿಂದ ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ನಾಲ್ಕೈದು ಸಲ ಹಾಕಬೇಕು. ಬೇಸಿಗೆ ರಜೆಗೆ ಊರಿಗೆ ಹೋಗಿಬರೋಣ ಎಂಬ ಮಾತು ಈ ಮನೆಯಲ್ಲಿ ಹುಟ್ಟುವುದೇ ಇಲ್ಲ ಎಂಬುದು ಆಗ ಅರ್ಥವಾಯಿತು.

ಹತ್ತರ ಹೊತ್ತಿಗೆ ನಾಲ್ಕೂ ಲಾಯದೊಳಗಿದ್ದವು. ಲಾಯ ಸಾದಾ ಕಟ್ಟಡ. ಎತ್ತರದ ಮಾಡು, ಶೀಟಿನ ಮೇಲೆ ತೆಂಗಿನ ಗರಿ, ಎದುರುಬದುರು ಕಿಂಡಿಗಳು. ಗೋಡೆಗಳು ಎದೆಮಟ್ಟಕ್ಕೆ ನಿಂತಿವೆ, ಅದರ ಮೇಲೆ ಗಾಳಿಗೆ ಬಿಟ್ಟಿದ್ದಾರೆ. ಪಕ್ಕದ ಕುದುರೆ ಕಾಣಬೇಕು ಎಂಬುದೂ ಅದಕ್ಕೆ ಕಾರಣ. ಕುದುರೆ ಹಿಂಡಿನ ಪ್ರಾಣಿ, ಒಂಟಿಯಾದರೆ ಕುಗ್ಗುತ್ತದೆ. ಹೊರಗೆ 35 ಡಿಗ್ರಿ ದಾಟಿದ್ದಾಗಲೂ ಒಳಗೆ ಕೂರಬಹುದಾಗಿತ್ತು.

ಮಧ್ಯಾಹ್ನದ ಆ ಹೊತ್ತು ಗೊರಸು ನೋಡುವ ಹೊತ್ತು. ತಟ್ಟುವಿನ ಮುಂಗಾಲನ್ನು ಎತ್ತಿ ಮೊಣಕಾಲುಗಳ ನಡುವೆ ಹಿಡಿದು, ಕೊಕ್ಕೆಯಿಂದ ಮಣ್ಣು ಕಿತ್ತರು. ನಡುವೆ ತ್ರಿಕೋನದ ಮೆದು ಭಾಗ ಕಂಡಿತು. ಮುಟ್ಟಿದರೆ ಗಟ್ಟಿ ರಬ್ಬರ್. ಕಾಲೂರಿದಾಗ ನೆಲದ ಪೆಟ್ಟು ತಡೆಯಲು ನೆರವಾಗುವುದು ಅದು. ಅಂಚಿನಲ್ಲಿ ಒಂದು ಸಣ್ಣ ಬಿರುಕಿತ್ತು. ಒಣನೆಲದಲ್ಲಿ ಗೊರಸು ಬೇಗ ಸೀಳುತ್ತದೆ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಬೆಳೆಯುವ ಗೊರಸನ್ನು ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಿ ಸಮಮಾಡಬೇಕು. ಲಾಳ ಕಟ್ಟುವವರು ಈಗ ಹಳ್ಳಿಗಳಲ್ಲಿ ಸಿಗುವುದಿಲ್ಲ, ಬೆಂಗಳೂರಿನಿಂದ ಬರಬೇಕು.

ಅದೇ ಕಾಲಿನ ಒಳಬದಿಯ ಕೂದಲಿಗೆ ಅಂಟಿದ್ದ ಹಳದಿ ಚುಕ್ಕೆಗಳನ್ನು ತೋರಿಸಿದರು. ಕಣ್ಣು ಕಿರಿದು ಮಾಡಿ ನೋಡಿದರಷ್ಟೇ ಕಾಣುತ್ತವೆ. ಬಾಟ್ ನೊಣದ ಮೊಟ್ಟೆಗಳಂತೆ. ಕುದುರೆ ಕಾಲು ನೆಕ್ಕಿಕೊಂಡಾಗ ಮರಿಹುಳಗಳು ಬಾಯಿಗೆ ಸೇರಿ, ಕೊನೆಗೆ ಜಠರದ ಗೋಡೆಗೆ ಕಚ್ಚಿಕೊಂಡು ತಿಂಗಳುಗಟ್ಟಲೆ ಇರುತ್ತವೆ. ಮೊಂಡು ಚಾಕುವಿನಿಂದ ಒಂದೊಂದೇ ಕೂದಲೆಳೆಯಿಂದ ಅವನ್ನು ಕೆರೆದು ತೆಗೆಯುತ್ತಿದ್ದರು. ತಟ್ಟು ಅಲುಗಾಡದೆ ನಿಂತಿತ್ತು.

ಊಟ ಮುಗಿಸಿ ಬಂದಾಗ ಲಾಯದಲ್ಲಿ ಸದ್ದಿಲ್ಲ. ಕಂದು ಕುದುರೆ ಒಂದು ಹಿಂಗಾಲು ಮಡಚಿ, ಕೆಳತುಟಿ ಜೋತುಬಿಟ್ಟು ನಿಂತಿತ್ತು. ನಿದ್ದೆಯೋ, ಬರಿ ಜೊಂಪೋ ಹೇಳುವುದು ನನಗೆ ಕಷ್ಟವಾಯಿತು. ಕಾಲಿನ ಕೀಲುಗಳನ್ನು ಬಿಗಿದು ನಿಲ್ಲಿಸುವ ಏರ್ಪಾಡು ಕುದುರೆಯ ದೇಹದಲ್ಲೇ ಇರುವುದರಿಂದ ಅದು ನಿಂತೇ ಮಲಗಬಲ್ಲದು. ಗಾಢ ನಿದ್ದೆಗೆ ಮಾತ್ರ ನೆಲಕ್ಕೆ ಒರಗಬೇಕು. ಅದೂ ಸುತ್ತ ಭಯವಿಲ್ಲ ಎಂದು ಖಾತ್ರಿಯಾದರೆ ಮಾತ್ರ.

ಹಿಂಬದಿಯ ಲದ್ದಿಗುಂಡಿಗೆ ಹೋದದ್ದು ಬಿಸಿಲು ಇಳಿದ ಮೇಲೆ. ಒಂದು ಕುದುರೆ ದಿನಕ್ಕೆ 15ರಿಂದ 20 ಕಿಲೋ ಲದ್ದಿ ಹಾಕುತ್ತದೆ. ಈ ಸಣ್ಣ ಜಾಗದಲ್ಲೇ ವರ್ಷಕ್ಕೆ 20 ಟನ್‌ಗೂ ಹೆಚ್ಚಾಗುತ್ತದೆ. ನೊಣ ಹುಟ್ಟುವುದೇ ಇಲ್ಲಿ, ಆದ್ದರಿಂದ ಗುಂಡಿ ಲಾಯದಿಂದ ದೂರವಿದೆ, ಮೇಲೆ ಮಣ್ಣು ಮುಚ್ಚಿದ್ದಾರೆ. ಕಳಿತ ಗೊಬ್ಬರವನ್ನು ಅಕ್ಕಪಕ್ಕದ ತೆಂಗು, ಅಡಿಕೆ ತೋಟದವರು ಒಯ್ಯುತ್ತಾರೆ. ಬದಲಿಗೆ ಅವರಿಂದ ಹಸಿಮೇವು ಬರುತ್ತದೆ. ಮೊದಲ ಮಳೆಗೆ ಚಿಗುರಿದ ಎಳೆ ಜೋಳವನ್ನು ಮಾತ್ರ ಯಾರು ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ಅದರಲ್ಲಿ ಸಯನೈಡ್ ವಿಷ ಇರುತ್ತದೆ ಎಂಬುದು ದನ ಕಟ್ಟಿದ ರೈತರಿಗೂ ಗೊತ್ತು.

ಸಂಜೆ ಆರಕ್ಕೆ ಕುದುರೆಗಳನ್ನು ಬಯಲಿಗೆ ಬಿಟ್ಟರು. ಓಡಿಯಾವು ಎಂದುಕೊಂಡಿದ್ದೆ, ಓಡಲಿಲ್ಲ. ಬೆಳಿಗ್ಗೆ ತೊಳೆದು ಉಜ್ಜಿದ ಮೈಯನ್ನು ನಾಲ್ಕೂ ಒಂದೊಂದಾಗಿ ದೂಳಿನಲ್ಲಿ ಹೊರಳಾಡಿಸಿದವು. ಆಮೇಲೆ ಎರಡು ಥರೋಬ್ರೆಡ್‌ಗಳು ತಲೆಗೆ ಬಾಲ ಮಾಡಿ ನಿಂತವು, ಒಂದರ ಬಾಲ ಇನ್ನೊಂದರ ಮುಖದ ನೊಣ ಓಡಿಸತೊಡಗಿತು.

ಆ ಎರಡಕ್ಕೂ ರೇಸಿನ ಆಯುಷ್ಯ ಐದಾರು ವರ್ಷಕ್ಕೇ ಮುಗಿದಿತ್ತು. ಕುದುರೆ ಬದುಕುವುದು 25ರಿಂದ 30 ವರ್ಷ. ಓಟ ನಿಂತ ಮೇಲೂ ಇಪ್ಪತ್ತು ಬೇಸಿಗೆಗಳು ಉಳಿದಿರುತ್ತವೆ. ಆ ಬೇಸಿಗೆಗಳಲ್ಲಿ ದಿನಾ ನೀರು, ನೆರಳು, ಮೇವು, ಗೊರಸಿನ ಆರೈಕೆ ಯಾರಾದರೂ ಮಾಡಲೇಬೇಕು. ಇತ್ತೀಚೆಗೆ ಊರಾಚೆ ಒಂದಿಷ್ಟು ಜಮೀನು ಕೊಂಡವರು ಮಕ್ಕಳ ಆಸೆಗೆ ಒಂದು ಕುದುರೆ ತರೋಣ ಎಂದು ಯೋಚಿಸುವುದನ್ನು ಕೇಳುತ್ತೇನೆ. ಆಸೆ ತಪ್ಪಲ್ಲ. ಆದರೆ ಕೊಳ್ಳುವ ಮುಂಚೆ ಇಂಥ ಜಾಗದಲ್ಲಿ ಏಪ್ರಿಲ್ ತಿಂಗಳ ಒಂದು ಹಗಲು ಪೂರ್ತಿ ಕಳೆಯಿರಿ. ನಿಮ್ಮ ಬೋರ್‌ವೆಲ್‌ನಲ್ಲಿ ಮೇ ತಿಂಗಳಲ್ಲೂ ನೀರಿರುತ್ತದೆಯೇ, ಮಧ್ಯಾಹ್ನ ಎರಡಕ್ಕೆ ನೆರಳು ಎಲ್ಲಿ ಬೀಳುತ್ತದೆ, ಮನೆಯವರೆಲ್ಲ ಊರಿಗೆ ಹೋದ ದಿನ ಹುಲ್ಲು ಹಾಕುವವರು ಯಾರು ಎಂಬ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಮಾತ್ರ ಮುಂದುವರಿಯಿರಿ. ಸಿಗದಿದ್ದರೆ ಕುದುರೆ ತರಬೇಡಿ. ಈಗಾಗಲೇ ಸಾಕುತ್ತಿರುವವರ ಲಾಯಕ್ಕೆ ನಿಮ್ಮ ಮಕ್ಕಳನ್ನು ಕರೆದೊಯ್ಯಿರಿ, ಹೋಗುವಾಗ ಒಂದು ಕಟ್ಟು ಒಳ್ಳೆಯ ಹುಲ್ಲು ಕೊಂಡೊಯ್ಯಿರಿ.