‘ಹಣ್ಣಾಗು’ ಎಂದವರು ಯಾರು?

ನಮ್ಮ ನಂಜನಗೂಡಿನ ಕಡೆಯವರಿಗೆ ರಸಬಾಳೆಯ ವಿಷಯ ಹೇಳಿಕೊಡಬೇಕಾಗಿಲ್ಲ. ಆದರೂ ಒಂದು ಪ್ರಶ್ನೆ ಕೇಳ್ತೀನಿ, ನೋಡಿ. ಗೊನೆಯಲ್ಲಿ ಒಂದು ಕಾಯಿ ಬಣ್ಣ ತಿರುಗಿತೆಂದರೆ ಸಾಕು, ಆ ಚಿಪ್ಪೆಲ್ಲ, ಆಮೇಲೆ ಗೊನೆಯೆಲ್ಲ ಹಣ್ಣಾಗಿಬಿಡುತ್ತದೆ. ಮನೆಯಲ್ಲಿ ನಾಲ್ಕೇ ಜನ ಇದ್ದರೆ ಬೀದಿಗೆಲ್ಲ ಹಂಚಬೇಕು! ಒಂದು ಕಾಯಿ ಹಣ್ಣಾದದ್ದು ಪಕ್ಕದ ಕಾಯಿಗೆ ಹೇಗೆ ತಿಳಿಯಿತು? ಅದಕ್ಕೆ ಕಣ್ಣಿಲ್ಲ, ಕಿವಿಯಿಲ್ಲ.

ಗಾಳಿಯಲ್ಲಿ ತಿಳಿಯುತ್ತದೆ. ಬಲಿತ ಕಾಯಿಯ ಜೀವಕೋಶಗಳು ಎಥಿಲೀನ್ ಎಂಬ ಅನಿಲ ಬಿಡುತ್ತವೆ. ಜೀವಕೋಶವೆಂದರೆ ಬರಿಗಣ್ಣಿಗೆ ಕಾಣದ ಸಣ್ಣ ಕೋಣೆ. ನಮ್ಮ ಮೈ, ಗಿಡಮರ ಎಲ್ಲವೂ ಅವುಗಳಿಂದಲೇ ಆದದ್ದು. ಕಾಯಿಯ ಕೋಶದೊಳಗೆ ಈ ಅನಿಲವನ್ನು ಹಿಡಿಯುವ ಗ್ರಾಹಕಗಳಿವೆ. ಸೋಜಿಗ ಏನೆಂದರೆ, ಅನಿಲ ಬಾರದಿರುವಾಗಲೂ ಅವು ಸುಮ್ಮನಿರುವುದಿಲ್ಲ. ‘ಇನ್ನೂ ಬೇಡ, ತಡಿ’ ಎಂದು ಕೋಶವನ್ನು ಹಿಡಿದಿಟ್ಟಿರುತ್ತವೆ. ಎಥಿಲೀನ್ ಬಂದು ಕೂತಿತೋ, ಆ ತಡೆ ಬಿಟ್ಟುಹೋಗುತ್ತದೆ. ಸುದ್ದಿ ಕೋಶಕೇಂದ್ರಕ್ಕೆ ಮುಟ್ಟಿ, ಅಲ್ಲಿಂದ ಅಪ್ಪಣೆ ಹೊರಟು, ಕಿಣ್ವಗಳು ತಯಾರಾಗುತ್ತವೆ. ಒಂದು ಹಿಟ್ಟನ್ನು ಸಕ್ಕರೆ ಮಾಡುತ್ತದೆ, ಇನ್ನೊಂದು ತಿರುಳನ್ನು ಮೆತ್ತಗೆ ಮಾಡುತ್ತದೆ, ಮತ್ತೊಂದು ಸಿಪ್ಪೆಯ ಹಸಿರು ಕಳೆಯುತ್ತದೆ. ಹಸಿ ಬಾಳೆಕಾಯಿಯ ತೂಕದಲ್ಲಿ ನೂರಕ್ಕೆ ಸುಮಾರು 20 ಪಾಲು ಇದ್ದ ಹಿಟ್ಟು ಕಳಿತಾಗ ಒಂದೆರಡು ಪಾಲಿಗೆ ಇಳಿಯುತ್ತದೆ. ಸುದ್ದಿ ಕೇಳಿದ ಕೋಶ ತಾನೂ ಎಥಿಲೀನ್ ಬಿಡತೊಡಗುತ್ತದೆ. ನಲ್ಲಿಯ ಹತ್ತಿರ ಒಬ್ಬರ ಕಿವಿಗೆ ಹಾಕಿದ ಮಾತು ಸಂಜೆಯೊಳಗೆ ಬೀದಿ ಸುತ್ತಿದ ಹಾಗೆ!

ನಮ್ಮ ಮೈಯಲ್ಲೂ ಇಂಥದೇ ವ್ಯವಹಾರ. ಊಟವಾದ ಮೇಲೆ ಇನ್ಸುಲಿನ್ ಬಂದು ಕೋಶಕ್ಕೆ ‘ಸಕ್ಕರೆ ಒಳಗೆ ತಗೋ’ ಎನ್ನುತ್ತದೆ. ನಡುವಯಸ್ಸಿನಲ್ಲಿ ಬರುವ ಸಕ್ಕರೆ ಕಾಯಿಲೆಯಲ್ಲಿ ಕೋಶಗಳು ಆ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ.

ಹಿರಿಯರು ಗೊನೆಗೆ ಹೊಗೆ ಹಾಕುತ್ತಿದ್ದರಲ್ಲ, ಆ ಹೊಗೆಯಲ್ಲೂ ಎಥಿಲೀನ್ ಇತ್ತು. ಅದು ಗಿಡಗಳ ಮೇಲೆ ಕೆಲಸ ಮಾಡುತ್ತದೆಂದು ರಷ್ಯದ ನೆಲ್ಯುಬೋವ್ 1901ರಲ್ಲಿ ತೋರಿಸಿದರು. ಹಣ್ಣು ತಾನೇ ಅದನ್ನು ತಯಾರಿಸುತ್ತದೆಂದು ಇಂಗ್ಲೆಂಡಿನ ಗೇನ್ ಸಾಬೀತು ಮಾಡಿದ್ದು 1934ರಲ್ಲಿ. ನಮ್ಮ ಅಜ್ಜಿಯರು ಹೆಸರು ತಿಳಿಯದೆಯೇ ಕೆಲಸ ಸಾಧಿಸಿದ್ದರು ಬಿಡಿ.

ಈಗ ಮೋಸದ ಮಾತು. ಕಾರ್ಬೈಡ್ ಕಲ್ಲಿಗೆ ತೇವ ತಾಗಿದರೆ ಅಸಿಟಿಲೀನ್ ಹೊರಡುತ್ತದೆ. ಅದು ಎಥಿಲೀನಿನ ವೇಷ ಹಾಕಿ ಕೋಶವನ್ನು ನಂಬಿಸುತ್ತದೆ. ಬಲಿಯದ ಕಾಯಿಯೂ ಹಳದಿಯಾಗುತ್ತದೆ, ಒಳಗೆ ರುಚಿ ಇರುವುದಿಲ್ಲ. ಜೊತೆಗೆ ಕಾರ್ಬೈಡಿನಲ್ಲಿ ಆರ್ಸೆನಿಕ್, ರಂಜಕದ ಅಂಶ ಬೆರೆತಿರುತ್ತದೆ. 2011ರ ಆಹಾರ ಸುರಕ್ಷತಾ ನಿಯಮಗಳಲ್ಲಿ ಇದಕ್ಕೆ ನಿಷೇಧವಿದೆ. ಮುಚ್ಚಿದ ಕೋಣೆಯಲ್ಲಿ ಎಥಿಲೀನ್ ಅನಿಲ ಹಾಯಿಸುವುದಕ್ಕೆ ಮಾತ್ರ ಅನುಮತಿ, ಅದೂ ಹತ್ತು ಲಕ್ಷ ಪಾಲಿಗೆ 100 ಪಾಲು ಮೀರದಂತೆ. ಮಕ್ಕಳ ಕೈಗೆ ಕೊಡುವ ಹಣ್ಣು, ಹಣ್ಣು ಮಾಡಿದ್ದು ಹೇಗೆಂದು ಅಂಗಡಿಯವರನ್ನು ಕೇಳಲು ಸಂಕೋಚ ಬೇಡ.

ಅಸಲಿ ರಸಬಾಳೆಯಂತೂ ಈಗ ಅಪರೂಪ. ಮಣ್ಣಿನ ಶಿಲೀಂಧ್ರದಿಂದ ಬರುವ ಪನಾಮ ಸೊರಗು ರೋಗ ಗಿಡದ ನೀರಿನ ನಾಳಗಳನ್ನೇ ಕಟ್ಟಿಹಾಕಿ ಎಷ್ಟೋ ತೋಟಗಳನ್ನು ಬರಿದು ಮಾಡಿತು. ಭೌಗೋಳಿಕ ಗುರುತಿನ ಮಾನ್ಯತೆ ಬಂದಿದೆ, ಹಣ್ಣು ಬರಬೇಕಲ್ಲ!

ಅಂಥ ಗೊನೆ ಸಿಕ್ಕರೆ ಹೀಗೆ ಮಾಡಿ. ಬೇಗ ಬೇಕಾದ ಚಿಪ್ಪನ್ನು ಒಂದು ಕಳಿತ ಹಣ್ಣಿನೊಂದಿಗೆ ಅಕ್ಕಿ ಡಬ್ಬದಲ್ಲಿ ಮುಚ್ಚಿಡಿ. ಅನಿಲ ಹೊರಗೆ ಹೋಗುವುದಿಲ್ಲ. ತಡವಾಗಿ ಬೇಕಾದದ್ದನ್ನು ಬೇರೆ ಮಾಡಿ ಗಾಳಿಯಾಡುವಲ್ಲಿ ತೂಗುಹಾಕಿ. ಕಾಯಿಯನ್ನು ಫ್ರಿಜ್ಜಿನಲ್ಲಿಟ್ಟರೆ ಸಿಪ್ಪೆ ಕಪ್ಪಾಗುತ್ತದೆ, ಹಣ್ಣೂ ಸರಿಯಾಗಿ ಆಗದು. ಪೂಜೆಯ ಹೂವನ್ನು ಮಾತ್ರ ಹಣ್ಣಿನ ಬುಟ್ಟಿಯ ಪಕ್ಕ ಇಡಬೇಡಿ. ಎಥಿಲೀನ್ ತಾಗಿದರೆ ಎಷ್ಟೋ ಹೂಗಳು ಬೇಗ ಬಾಡುತ್ತವೆ.